ಚಲಚ್ಚಿತ್ರ ಸಂಗ್ರಹವೂ ಕನ್ನಡಿಗರ ಕರ್ತವ್ಯವೂ

ಒಂದು ಗ್ರಂಥವು ಉಳಿಯಬೇಕಾದರೆ ಅದರ ಪ್ರತಿಗಳು ಹಲವು ಮನೆಗಳಲ್ಲಿರಬೇಕು. ಆ ಪ್ರತಿಗಳನ್ನು ಒಂದರೊಡನೊಂದು ತಾಳೆನೋಡಿ, ಇದು ಶುದ್ಧಪಾಠ, ಇದು ಅಪಪಾಠ ಎಂದು ಹೇಳಬಲ್ಲವರೂ ಇರಬೇಕು. ನಮ್ಮ ದೇಶದಲ್ಲಿ ವಿದ್ಯೆಯು ತಾಳೆಗರಿಯ ಕಾಲದಿಂದ ಉಳಿದುಬಂದಿರುವುದು ಈ ಎರಡು ಕಾರ್ಯಗಳಿಂದಲೇ. ಶತಮಾನಗಳ ಕಾಲ ಹೆಸರು ಮಾತ್ರವಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತೆಂಬುದನ್ನು ನಮ್ಮ ವಾಚಕರು ಬಲ್ಲರು. ಯಾರೋ ಒಬ್ಬರು ಓಲೆಯ ಕಟ್ಟನ್ನು ಕಾಪಾಡಿದ್ದರು. ಇನ್ನೊಬ್ಬರು ಅದನ್ನು ಬಿಚ್ಚಿ ಓದಿದರು. ಗ್ರಂಥಕ್ಕೆ ಸಲ್ಲುವ ಈ ನ್ಯಾಯವು ಚಲಚ್ಚಿತ್ರಕ್ಕೂ ಸಲ್ಲುತ್ತದೆಂದರೆ ಕೆಲವರು ನಗಬಹುದು. ಚಲಚ್ಚಿತ್ರವು ಸಂಜೆಯ ವಿನೋದವೆಂದೂ, ಡಿಸ್ಕುಗಳನ್ನು ಕೊಂಡು ಕಪಾಟಿನಲ್ಲಿ ಜೋಡಿಸುವುದು ಹಣವಂತರ ಚಟವೆಂದೂ ಭಾವಿಸುವ ಸಜ್ಜನರು ನಮ್ಮಲ್ಲಿ ಬಹಳವಾಗಿದ್ದಾರೆ. ಅವರ ಅಭಿಪ್ರಾಯವು ಸರಿಯಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕೆಯ ಕ್ರೈಟೀರಿಯನ್ ಎಂಬ ಪ್ರಕಾಶನ ಸಂಸ್ಥೆಯು 1984ರಲ್ಲಿ ಹುಟ್ಟಿತು. ಅದು ಮೊದಲು ಹೊರತಂದುದು 30 ಸೆಂಟಿಮೀಟರು ವ್ಯಾಸದ ಲೇಸರ್ ಡಿಸ್ಕುಗಳನ್ನು. ಮೊದಲಿನ ಚಿತ್ರಗಳು 'ಸಿಟಿಜನ್ ಕೇನ್' ಮತ್ತು 'ಕಿಂಗ್ ಕಾಂಗ್'. ಎರಡನೆಯ ಚಿತ್ರದ ಡಿಸ್ಕಿನಲ್ಲಿ ರೊನಾಲ್ಡ್ ಹೇವರ್ ಎಂಬ ಚಿತ್ರೇತಿಹಾಸಜ್ಞರು, ದೃಶ್ಯವು ಪರದೆಯ ಮೇಲೆ ಸಾಗುತ್ತಿರುವಂತೆಯೇ ಅದರ ಗುಣದೋಷಗಳನ್ನೂ ನಿರ್ಮಾಣದ ವೃತ್ತಾಂತವನ್ನೂ ವಿವರಿಸುವ ವ್ಯಾಖ್ಯಾನವೊಂದನ್ನು ಬೇರೆ ಧ್ವನಿಪಥದಲ್ಲಿ ಸೇರಿಸಿದರು. ಮೂಲದೊಡನೆ ಟೀಕೆಯನ್ನಿಟ್ಟು ಓದುವ ಪದ್ಧತಿಯು ನಮ್ಮ ಪಾಠಶಾಲೆಗಳಿಗೆ ಹೊಸತಲ್ಲ. ಚಲಚ್ಚಿತ್ರಕ್ಕೆ ಅದು ಹೊಸತಾಗಿದ್ದಿತು. ಆ ಕಾಲದಲ್ಲಿ ಅಗಲವಾದ ಪರದೆಗಾಗಿ ತೆಗೆದ ಚಿತ್ರಗಳನ್ನು ಎರಡು ಬದಿಗೂ ಕತ್ತರಿಸಿ ಟೆಲಿವಿಜನ್ನಿನ ಚೌಕಟ್ಟಿನೊಳಗೆ ತುರುಕುವುದು ರೂಢಿಯಾಗಿದ್ದಿತು. ಅತ್ಯಂತ ಅಗಲದ ಚಿತ್ರಗಳಲ್ಲಿ ಹೀಗೆ ನೂರಕ್ಕೆ 40ಕ್ಕಿಂತ ಹೆಚ್ಚಿನ ಭಾಗವೇ ಕಾಣದೆ ಹೋಗುತ್ತಿದ್ದಿತು. ಮೇಲೆಯೂ ಕೆಳಗೂ ಕಪ್ಪುಪಟ್ಟಿ ಉಳಿದರೂ ಚಿಂತೆಯಿಲ್ಲ, ಚಿತ್ರವನ್ನು ಪೂರ್ಣವಾಗಿ ತೋರಿಸಬೇಕೆಂಬ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಈ ಸಂಸ್ಥೆಯವರು ಮೊದಲಿಗರು.

ಈ ಪ್ರಕಾಶನದ ಡಿವಿಡಿ ಮಾಲೆಯಲ್ಲಿ ಒಂದನೆಯ ಸಂಖ್ಯೆಯನ್ನು ಪಡೆದ ಚಿತ್ರವು ಝಾನ್ ರೆನ್ವಾರ್ ಅವರ 1937ರ 'ಗ್ರ್ಯಾಂಡ್ ಇಲ್ಯೂಷನ್'. ಅದರ ಕಥೆಯು ಕೇಳತಕ್ಕದ್ದು. ಯುದ್ಧವನ್ನು ಖಂಡಿಸುವ ಈ ಫ್ರೆಂಚ್ ಚಿತ್ರವನ್ನು ನಾಟ್ಸಿಗಳು ಕಡುವೈರಿಯಂತೆ ಕಂಡರು. ಅವರು ಪ್ಯಾರಿಸ್ಸನ್ನು ಹಿಡಿದಾಗ ಮೂಲ ನೆಗೆಟಿವ್ ಬರ್ಲಿನ್ನಿಗೆ ಹೋಯಿತು; 1945ರಲ್ಲಿ ಬರ್ಲಿನ್ ಬಿದ್ದಾಗ ರಷ್ಯನ್ನರ ಕೈಸೇರಿ ಮಾಸ್ಕೋವಿಗೆ ಹೋಯಿತು; ಮುಂದೆ ಚಿತ್ರಭಂಡಾರಗಳ ಪರಸ್ಪರ ವಿನಿಮಯದಲ್ಲಿ ಫ್ರಾನ್ಸಿನ ತುಲೂಸ್ ಪಟ್ಟಣಕ್ಕೆ ಮರಳಿತು. ಅಲ್ಲಿ ಅದು ಇದೆಯೆಂಬುದೇ ತಿಳಿಯದೆ ವರ್ಷಗಟ್ಟಲೆ ಡಬ್ಬಿಗಳಲ್ಲಿ ಬಿದ್ದಿದ್ದು, 1990ರ ದಶಕದಲ್ಲಿ ಗುರುತಿಸಲ್ಪಟ್ಟಿತು. ಈ ಮೂಲವು ದೊರೆತ ಮೇಲೆ ಪ್ರಕಾಶಕರು ಮೊದಲು ಸಿದ್ಧಪಡಿಸಿದ್ದ ಪ್ರತಿಯನ್ನು ಬಿಟ್ಟುಕೊಟ್ಟು, ಒಂದನೆಯ ಸಂಖ್ಯೆಯ ಡಿಸ್ಕನ್ನೇ ತಡಮಾಡಿ 1999ರಲ್ಲಿ ಹೊರತಂದರು. ವ್ಯಾಪಾರಿಯೊಬ್ಬನು ಶುದ್ಧಪಾಠಕ್ಕಾಗಿ ಹೀಗೆ ಕಾದನೆಂದರೆ, ಶುದ್ಧಪಾಠವನ್ನು ಕೇಳುವ ಗಿರಾಕಿಗಳು ಅಲ್ಲಿದ್ದರೆಂದೇ ಅರ್ಥ.

ಆ ಗಿರಾಕಿಗಳನ್ನು ತಯಾರುಮಾಡಿದವರು ಡಿಸ್ಕುಗಳ ವಿಮರ್ಶಕರು. ಅವರ ವಿಮರ್ಶೆಯು ನಟನ ಅಭಿನಯವನ್ನು ಹೊಗಳಿ ಕಥಾಸಾರವನ್ನು ಹೇಳಿ ಮುಗಿಯುವುದಿಲ್ಲ. ಈ ಡಿಸ್ಕು ಯಾವ ಪ್ರತಿಯಿಂದ ಆಯಿತು, ಮೂಲ ನೆಗೆಟಿವಿನಿಂದಲೋ ಚಿತ್ರಮಂದಿರದಲ್ಲಿ ಸವೆದ ಪ್ರಿಂಟಿನಿಂದಲೋ ಎಂಬುದು ಅವರ ಮೊದಲನೆಯ ಪ್ರಶ್ನೆ. ಚೌಕಟ್ಟು ಸರಿಯಾಗಿದೆಯೇ, ಹಾಡುಗಳಿಗೂ ಅಡಿಬರಹವಿದೆಯೇ, ಚಿತ್ರದ ಕಣಗಳನ್ನು ಯಂತ್ರದಿಂದ ಒರಸಿಹಾಕಿ ಮುಖಗಳನ್ನು ಮೇಣದ ಗೊಂಬೆಗಳನ್ನಾಗಿ ಮಾಡಿದ್ದಾರೆಯೇ ಎಂದು ಅವರು ಪರೀಕ್ಷಿಸುತ್ತಾರೆ. ಕಾಲಮಾನವನ್ನೂ ಅಳೆಯುತ್ತಾರೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆಗೆದ ಚಿತ್ರವನ್ನು ಯೂರೋಪಿನ ಮತ್ತು ನಮ್ಮ ದೇಶದ ಟೆಲಿವಿಜನ್ ಪದ್ಧತಿಗೆ ಅನುಗುಣವಾಗಿ 25ರ ವೇಗದಲ್ಲಿ ಓಡಿಸಿದರೆ, 100 ನಿಮಿಷದ ಚಿತ್ರವು 96 ನಿಮಿಷಕ್ಕೆ ಮುಗಿಯುತ್ತದೆ. ಗಾಯಕನ ಶ್ರುತಿಯೂ ಏರುತ್ತದೆ. ಕತ್ತರಿಯಿಂದ ಆದ ನಷ್ಟ ಯಾವುದು, ವೇಗದಿಂದ ಆದ ವ್ಯತ್ಯಾಸ ಯಾವುದು ಎಂಬುದನ್ನು ಬಲ್ಲವನೇ ವಿಮರ್ಶಕನು. ಇದು ಪಾಠಪರಿಷ್ಕರಣವಲ್ಲದೆ ಮತ್ತೇನು?

ಮೇಲೆ ಹೇಳಿದ ರೆನ್ವಾರರು ತಮ್ಮ 'ದಿ ರಿವರ್' ಚಿತ್ರದ ಸಲುವಾಗಿ 1949ರಲ್ಲಿ ಕಲಕತ್ತೆಗೆ ಬಂದಾಗ ಅವರೊಡನೆ ಬಂಗಾಳದ ಹಳ್ಳಿಗಳನ್ನು ಸುತ್ತಿದ ತರುಣರು ಸತ್ಯಜಿತ್ ರಾಯರು. ಆ ರಾಯರ ಕೃತಿಗಳ ಗತಿಯು ನಮ್ಮ ಜನರು ನೆನಪಿಡಬೇಕಾದುದಾಗಿದೆ. 1993ರಲ್ಲಿ ಲಂಡನ್ನಿನ ಒಂದು ಪ್ರಯೋಗಶಾಲೆಗೆ ಬೆಂಕಿ ಬಿದ್ದು, ಅಲ್ಲಿದ್ದ ರಾಯರ ಹಲವು ಚಿತ್ರಗಳ ಮೂಲ ನೆಗೆಟಿವುಗಳು ಸುಟ್ಟುಹೋದವು. ಕರಗಿ ಅಂಟಿಕೊಂಡ ಅವಶೇಷಗಳನ್ನು ಯಾರಾದರೂ ತಿಪ್ಪೆಗೆ ಎಸೆಯುತ್ತಿದ್ದರು. ಅಮೆರಿಕೆಯ ಅಕಾಡೆಮಿ ಸಂಸ್ಥೆಯ ಭಂಡಾರದವರು ಎಸೆಯದೆ ಇಪ್ಪತ್ತು ವರ್ಷ ಇಟ್ಟುಕೊಂಡರು. ಅನಂತರ ಇಟಲಿಯ ಬೊಲೋನ್ಯಾ ನಗರದ ಕುಶಲಿಗಳು ಒಣಗಿ ಮುರುಟಿದ ಆ ಸುರುಳಿಗಳನ್ನು ಹದಗೊಳಿಸಿ, ಸುಮಾರು ಸಾವಿರ ಗಂಟೆಗಳ ಕೈಗೆಲಸದಿಂದ ಹರಿದ ಅಂಚುಗಳನ್ನು ಸರಿಪಡಿಸಿದರು. 'ಪಥೇರ್ ಪಾಂಚಾಲಿ'ಯ ನೂರಕ್ಕೆ ಸುಮಾರು 40 ಭಾಗವೂ, 'ಅಪರಾಜಿತೋ'ದ ನೂರಕ್ಕೆ ಸುಮಾರು 60 ಭಾಗವೂ ಬೆಂಕಿಯಿಂದ ಉಳಿದ ಮೂಲದಿಂದಲೇ ದೊರೆತವು; ಮಿಕ್ಕುದನ್ನೂ 'ಅಪೂರ್ ಸಂಸಾರ್' ಚಿತ್ರವನ್ನೂ ಬೇರೆಡೆ ಇದ್ದ ಉತ್ತಮ ಪ್ರತಿಗಳಿಂದ ತುಂಬಿಕೊಂಡರು. 2015ರಲ್ಲಿ ಮೂರು ಚಿತ್ರಗಳೂ ಕ್ರೈಟೀರಿಯನ್ನಿನ ಡಿಸ್ಕುಗಳಾಗಿ ಬಂದವು. ಈ ಉಪಕಾರಕ್ಕೆ ನಾವು ಕೃತಜ್ಞರು. ಆದರೆ ಭಾರತದ ಕೀರ್ತಿಯನ್ನು ಲೋಕಕ್ಕೆ ಸಾರಿದ ಕೃತಿಯ ಮೂಲವು ಲಂಡನ್ನಿನಲ್ಲಿ ಸುಟ್ಟು, ಅಮೆರಿಕೆಯಲ್ಲಿ ಉಳಿದು, ಇಟಲಿಯಲ್ಲಿ ಗುಣಹೊಂದಿತೆಂಬುದನ್ನು ಓದಿದಾಗ, ಸ್ವಾಭಿಮಾನವುಳ್ಳ ಭಾರತೀಯನಿಗೆ ಕೃತಜ್ಞತೆಯೊಡನೆ ಸಂಕೋಚವೂ ಉಂಟಾಗಬೇಡವೇ?

ಈ ಕಾಲದಲ್ಲಿ ಡಿಸ್ಕುಗಳೇತಕ್ಕೆ, ತಿಂಗಳ ಚಂದಾ ಕೊಟ್ಟರೆ ಎಲ್ಲವೂ ಅಂತರ್ಜಾಲದಿಂದ ಮನೆಗೆ ಹರಿದುಬರುತ್ತದಲ್ಲಾ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅನುಕೂಲವುಂಟು, ಅಲ್ಲವೆನ್ನೆವು. ಡಿಸ್ಕುಗಳ ಬೆಲೆಯೂ ಹೆಚ್ಚು. ಅವುಗಳನ್ನು ಓಡಿಸುವ ಯಂತ್ರಗಳೂ ಅಂಗಡಿಗಳಲ್ಲಿ ವಿರಳವಾಗುತ್ತಿವೆ. ಆದರೆ ಚಂದಾ ಕೊಟ್ಟವನು ಬಾಡಿಗೆದಾರನೇ ಹೊರತು ಒಡೆಯನಲ್ಲ. ಉತ್ತಮ ಚಿತ್ರಗಳಿಗಾಗಿಯೇ ಅಮೆರಿಕೆಯಲ್ಲಿ ನಡೆಯುತ್ತಿದ್ದ ಫಿಲ್ಮ್‌ಸ್ಟ್ರಕ್ ಎಂಬ ಸೇವೆಯನ್ನು ಅದರ ಒಡೆಯರು 2018ರ ನವೆಂಬರಿನಲ್ಲಿ ನಿಲ್ಲಿಸಿಬಿಟ್ಟರು. ಕ್ರೈಟೀರಿಯನ್ನಿನವರು 2019ರಲ್ಲಿ ತಮ್ಮದೇ ಸೇವೆಯನ್ನು ತೆರೆಯುವವರೆಗೆ ಚಂದಾದಾರರಿಗೆ ಬರಿಗೈಯೇ ಗತಿಯಾಯಿತು. ಕಪಾಟಿನಲ್ಲಿ ಡಿಸ್ಕುಗಳನ್ನಿಟ್ಟುಕೊಂಡವರಿಗೆ ಒಂದು ರಾತ್ರಿಯ ನಷ್ಟವೂ ಆಗಲಿಲ್ಲ.

ಇನ್ನು ನಮ್ಮ ನಾಡಿನ ಮಾತು. ಕನ್ನಡದ ಮೊದಲನೆಯ ವಾಕ್ಚಿತ್ರ 'ಸತಿ ಸುಲೋಚನ'ವು 1934ರಲ್ಲಿ ತೆರೆಕಂಡಿತು. ಇಂದು ಅದರ ಪ್ರತಿ ಎಲ್ಲಿಯೂ ಇಲ್ಲ. ಪಂಪನ ಕಾವ್ಯವು ಸಾವಿರ ವರ್ಷ ಉಳಿದ ನಾಡಿನಲ್ಲಿ ಆ ಚಿತ್ರವು ನೂರು ವರ್ಷವೂ ಉಳಿಯಲಿಲ್ಲ. ಮುಂದೆ ಬಂದವುಗಳನ್ನು ಮನೆಯಲ್ಲಿ ನೋಡಲು ವಿಸಿಡಿಗಳು ದೊರೆತವು; ಆದರೆ ವಿಸಿಡಿಯ ಚಿತ್ರದಲ್ಲಿರುವ ಬಿಂದುಗಳು ಬ್ಲೂ-ರೇ ಡಿಸ್ಕಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಕೊಂಡವರಲ್ಲಿ ಯಾರೂ "ಇದು ಯಾವ ಪ್ರತಿಯಿಂದ ಮಾಡಿದ್ದು?" ಎಂದು ಕೇಳಲಿಲ್ಲ, ಮಾರಿದವರು ಹೇಳಲೂ ಇಲ್ಲ.

ಹಾಗೆಂದು ನಿರಾಶರಾಗಬೇಕಾದುದಿಲ್ಲ. ಶ್ರೀ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವು 1977ರ ಚಿತ್ರ, ಅನಂತಮೂರ್ತಿಯವರ ಕಥೆ, ಸ್ವರ್ಣಕಮಲವನ್ನು ಪಡೆದ ಕೃತಿ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಿತ್ರಭಂಡಾರದಲ್ಲಿ ಉಳಿದಿದ್ದುದರಿಂದ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿನವರೂ ಅಮೆರಿಕೆಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನವರೂ ಕೂಡಿ ಅದನ್ನು ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ಉತ್ಸವದ ಪ್ರಾಚೀನ ಕೃತಿಗಳ ವಿಭಾಗದಲ್ಲಿ ತೋರಿಸಿದರು. 1964ರಲ್ಲಿ ಸ್ಥಾಪಿತವಾದ ಆ ಭಂಡಾರಕ್ಕಾಗಿ ಊರೂರು ಅಲೆದು ರೀಲುಗಳನ್ನು ಕೂಡಿಹಾಕಿದ ಪಿ. ಕೆ. ನಾಯರ್ ಅವರಂಥವರ ಶ್ರಮವು ಹೀಗೆ ಸಾರ್ಥಕವಾಗುತ್ತದೆ. ಆದರೆ ಇದಕ್ಕೆ ಬೇಕಾದ ಧನವು ಅಮೆರಿಕೆಯ ಧರ್ಮನಿಧಿಯಿಂದ ಬಂದಿತೆಂಬುದನ್ನು ನಮ್ಮ ಧನಿಕರು ಗಮನಿಸಲಿ.

ಕಾಯಿದೆಯನ್ನೂ ಯೋಚಿಸಬೇಕು. ನಮ್ಮ ಕೃತಿಸ್ವಾಮ್ಯ ಶಾಸನದಂತೆ ಚಲಚ್ಚಿತ್ರದ ಹಕ್ಕು, ಪ್ರಕಟವಾದುದರ ಮರುವರ್ಷದಿಂದ ಎಣಿಸಿ 60 ವರ್ಷಗಳವರೆಗೆ ಇರುತ್ತದೆ. ಆ ಮೇಲೆ ಚಿತ್ರವು ಸಮಸ್ತ ಜನರ ಸ್ವತ್ತು. 1954ರ 'ಬೇಡರ ಕಣ್ಣಪ್ಪ'ಕ್ಕೆ ಈ ಅವಧಿಯು 2014ರ ಕೊನೆಗೆ ತೀರಿತು. ಆದರೆ ಒಳ್ಳೆಯ ಪ್ರತಿಯಿಲ್ಲದೆ ಹಕ್ಕು ಮಾತ್ರ ಕೈಗೆ ಬಂದರೆ ಪ್ರಯೋಜನವೇನು? ಬಾವಿ ಬತ್ತಿದ ಮೇಲೆ ನೀರು ಸೇದಲು ಅಪ್ಪಣೆ ಕೊಟ್ಟಂತೆ.

ಕೇಂದ್ರ ಸರ್ಕಾರವು 2022ರಲ್ಲಿ ಸುಮಾರು 2,200 ಚಿತ್ರಗಳ ಜೀರ್ಣೋದ್ಧಾರಕ್ಕೆ 363 ಕೋಟಿ ರೂಪಾಯಿಗಳನ್ನು ಪ್ರಕಟಿಸಿತು. ಅದರಲ್ಲಿ ಕನ್ನಡದ ಪಾಲೆಷ್ಟು, ಯಾವ ಯಾವ ಚಿತ್ರಗಳು, ಯಾವ ಪ್ರತಿಯಿಂದ ಎಂದು ವಿಚಾರಿಸಿ ಸಾರ್ವಜನಿಕರಿಗೆ ತಿಳಿಸುವುದು ನಮ್ಮ ರಾಜ್ಯದ ಅಧಿಕಾರಿಗಳ ಕರ್ತವ್ಯ. ನಿರ್ಮಾಪಕರ ಮನೆತನದವರು ಅಟ್ಟದ ಮೇಲಿನ ಡಬ್ಬಿಗಳನ್ನು ಗುಜರಿಗೆ ಹಾಕುವ ಮೊದಲು ಪುಣೆಯ ಭಂಡಾರಕ್ಕೆ ಒಂದು ಕಾಗದ ಬರೆಯಲಿ. ನಗರ ಗ್ರಂಥಾಲಯಗಳು ಶಬ್ದಕೋಶವನ್ನು ಕೊಳ್ಳುವಂತೆ ಉತ್ತಮ ಚಿತ್ರಗಳ ಡಿಸ್ಕುಗಳನ್ನೂ ಕೊಂಡು ನೋಡುವ ಅನುಕೂಲವನ್ನು ಕಲ್ಪಿಸಲಿ. ನಮ್ಮ ಪತ್ರಿಕೆಗಳ ವಿಮರ್ಶಕರು, ನಾವೂ ಅವರಲ್ಲಿ ಸೇರಿದವರೇ, ಹೊಸ ಚಿತ್ರಗಳಿಗೆ ಕೊಡುವ ಅಂಕಣದಲ್ಲಿ ಹಳೆಯ ಚಿತ್ರಗಳ ಪ್ರತಿಗಳಿಗೂ ಸ್ಥಳ ಕೊಡಲಿ.

ಮನೆಯ ಕಪಾಟಿನಲ್ಲಿ ಹತ್ತು ಡಿಸ್ಕುಗಳನ್ನು ಜೋಪಾನವಾಗಿಟ್ಟು, ಅವನ್ನು ನೋಡಿ, ಅವುಗಳ ವಿಷಯವಾಗಿ ನಾಲ್ಕು ಮಾತು ಬರೆದಿಡುವ ಗೃಹಸ್ಥನು ಚಟಗಾರನಲ್ಲ. ಓಲೆಯ ಕಟ್ಟನ್ನು ಮೊಮ್ಮಕ್ಕಳಿಗೆ ಉಳಿಸಿದ ಹಿರಿಯರ ಸಾಲಿಗೆ ಅವನೂ ಸೇರಿದವನು. ಅಂಥವರು ಒಂದೊಂದು ಊರಿಗೆ ನಾಲ್ವರಾದರೂ ಇದ್ದಲ್ಲಿ, 'ಸತಿ ಸುಲೋಚನ'ಕ್ಕೆ ಒದಗಿದ ಗತಿಯು ಇನ್ನೊಂದು ಕನ್ನಡ ಚಿತ್ರಕ್ಕೆ ಒದಗಲಾರದು.