ಬರಿಗಾಲಿಗೆ ಒಂದಿಷ್ಟು ಮಣ್ಣು

ಭಾನುವಾರದ ಬೆಳಗು. ಸರ್ಜಾಪುರ ರಸ್ತೆಯಲ್ಲಿ ವಾಹನಗಳ ಆರ್ಭಟ ಇನ್ನೂ ಆರಂಭವಾಗಿಲ್ಲ. ಪಕ್ಕದ ಕೈಕೊಂಡ್ರಹಳ್ಳಿ ಕೆರೆಯ ಸುತ್ತಲಿನ ಮಣ್ಣಿನ ಹಾದಿ ಇಬ್ಬನಿಯಿಂದ ನೆನೆದಿದೆ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತಿದ್ದ ತರುಣನೊಬ್ಬ ಬೂಟುಗಳನ್ನು ಕಳಚಿ ಕೈಯಲ್ಲಿ ಹಿಡಿದು, ಮೊದಲು ಅಳುಕುತ್ತ, ಬಳಿಕ ನಿಸ್ಸಂಕೋಚವಾಗಿ ಓಡತೊಡಗುತ್ತಾನೆ. ಅಂಗಾಲಿಗೆ ಒಮ್ಮೆ ತಂಪು, ಒಮ್ಮೆ ನುಣುಪು, ಒಮ್ಮೆ ಹರಳಿನ ಚುರುಕು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವನ ಮುಖದ ಮೇಲೆ ಬಾಲ್ಯ ಮರಳಿರುತ್ತದೆ. ಈ ಆನಂದಕ್ಕೆ ಕಾರಣವೇನು?

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿವೆ. ಅಂಗಾಲಿನ ಚರ್ಮ ನೆಲದ ಸುದ್ದಿಯನ್ನು ಕ್ಷಣಕ್ಷಣಕ್ಕೂ ಮಿದುಳಿಗೆ ಮುಟ್ಟಿಸುತ್ತದೆ. ಅದಕ್ಕೆ ತಕ್ಕಂತೆ ಹೆಜ್ಜೆ ತನ್ನನ್ನು ತಿದ್ದಿಕೊಳ್ಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಗಮನಾರ್ಹವಾದುದು. ಬೂಟು ತೊಟ್ಟವರು ಬಹುಮಟ್ಟಿಗೆ ಹಿಮ್ಮಡಿಯನ್ನು ಮೊದಲು ಊರುತ್ತಾರೆ. ಬರಿಗಾಲ ಓಟ ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಊರುತ್ತಾರೆ. ಆದುದರಿಂದ ನೆಲಕ್ಕೆ ತಗಲುವಾಗಿನ ಹೊಡೆತ ಅವರಿಗೆ ಕಡಮೆ. ಗಾಯಗಳೂ ಕಡಮೆಯೆಂದು ಆ ಅಧ್ಯಯನ ಸಾಧಿಸಲಿಲ್ಲವೆಂಬುದನ್ನು ಮರೆಯಬಾರದು.

1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲೇ ಮ್ಯಾರಥಾನ್ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ನಮ್ಮ ನಾಡಿನಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ ಕೆಸರುಗದ್ದೆಯಲ್ಲಿ ಕೋಣಗಳೊಡನೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಬೆಂಗಳೂರಿನ ಓಟದ ಪರೀಕ್ಷೆಗೆ ಕರೆ ಬಂದಾಗ ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಬಲ, ಕ್ರೀಡಾಂಗಣದಲ್ಲಿ ಬೆರಳುಗಳ ಬಲ, ಎರಡೂ ಬೇರೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಅನುಭವದ ಮಾತು! ಪಾದಕ್ಕೆ ನಡೆ ಕಲಿಸುವ ಗುರು ನೆಲವೇ.

ಆದರೆ ಆ ಗುರುವೇ ಕಣ್ಮರೆಯಾದರೆ? ಬೆಂಗಳೂರಿನ ಸುತ್ತಲಿನದು ರಾಗಿಯ ಸೀಮೆ. ಸುಗ್ಗಿಯಲ್ಲಿ ಸಗಣಿ ಸಾರಿಸಿದ ಕಣಗಳೇ ಹಳ್ಳಿಯ ಮಕ್ಕಳಿಗೆ ಓಟದ ಬಯಲು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ಅತ್ತ ಪೀಣ್ಯ, ಇತ್ತ ವೈಟ್‌ಫೀಲ್ಡ್ ಬೆಳೆದವು. ಸಾವಿರಾರು ಮನೆಗಳಿಗೆ ಅನ್ನ ದೊರೆಯಿತು. ಅದು ಸಣ್ಣ ಲಾಭವಲ್ಲ. ಆದರೆ ಕೆಮ್ಮಣ್ಣಿನ ಮೇಲೆ ಡಾಂಬರು, ಡಾಂಬರಿನ ಪಕ್ಕ ಸಿಮೆಂಟು. ಅಪಾರ್ಟ್‌ಮೆಂಟಿನ ಮಗು ಮಣ್ಣು ಮುಟ್ಟದೆಯೇ ಶಾಲೆಗೆ ಹೋಗಿ ಬರುವ ಕಾಲ ಬಂದಿದೆ.

ಹಾಗೆಂದು ಬೂಟುಗಳನ್ನು ಬಾವಿಗೆ ಎಸೆಯಬೇಕಾಗಿಲ್ಲ. ಗಾಜಿನ ಚೂರು, ಮೊಳೆಗಳಿರುವಲ್ಲಿ ಬರಿಗಾಲು ಅಪಾಯ. ಮಲಿನವಾದ ಮಣ್ಣಿನಿಂದ ಕೊಕ್ಕೆಹುಳು ಚರ್ಮದ ಮೂಲಕವೇ ದೇಹವನ್ನು ಸೇರಬಲ್ಲದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಈ ಸಾಹಸಕ್ಕೆ ಇಳಿಯಲೇಬಾರದು. ಉಳಿದವರು ಶುಚಿಯಾದ ನೆಲವನ್ನು ಆರಿಸಿ, ಮೊದಲು ನಡೆದು, ಅನಂತರ ನಾಲ್ಕೈದು ನಿಮಿಷವಷ್ಟೇ ಓಡಿ, ವಾರಗಳಲ್ಲಿ ಮೆಲ್ಲನೆ ಹೆಚ್ಚಿಸುವುದು ಲೇಸು. ಇಲ್ಲವಾದರೆ ಮೀನಖಂಡ ನೋಯುವುದು ಖಂಡಿತ.

ಕೆರೆಯ ದಂಡೆಗೆ, ಉದ್ಯಾನಕ್ಕೆ ಕಲ್ಲುಹಾಸು ಹಾಕಿದರೆ ಮಾತ್ರ ಅಭಿವೃದ್ಧಿಯೆಂಬ ಭಾವನೆ ಬಲವಾಗಿದೆ. ಪಕ್ಕದಲ್ಲಿ ಮೂರಡಿ ಮಣ್ಣಿನ ಹಾದಿಯನ್ನು ಹಾಗೆಯೇ ಬಿಟ್ಟರೆ ಮಳೆನೀರೂ ಇಂಗುತ್ತದೆ, ಮಕ್ಕಳ ಪಾದಕ್ಕೂ ನೆಲ ಸಿಗುತ್ತದೆ. ಮುಂದಿನ ಭಾನುವಾರ ತಂದೆತಾಯಂದಿರು ಮಕ್ಕಳೊಡನೆ ಅಂತಹ ಹಾದಿಯೊಂದಕ್ಕೆ ಹೋಗಿ ನೋಡಲಿ. ಮೊದಲು ಚಪ್ಪಲಿ ಕಳಚುವವರು ಮಕ್ಕಳೇ ಆಗಿರುತ್ತಾರೆ.