ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು



ನಾವು ಮುಟ್ಟಾಟ ಆಡುವಾಗ ಚಿಕ್ಕ ತಮ್ಮ, ತಂಗಿ ಹಟ ಮಾಡಿದರೆ ಅವರನ್ನೂ ಸೇರಿಸಿಕೊಳ್ಳುತ್ತೇವೆ. ಆದರೆ ಅವರು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಇದಕ್ಕೇ ದೊಡ್ಡವರು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನೋದು. ಕೈಗೆ ಬಲವಿಲ್ಲದವರನ್ನು, ಕಣ್ಣು ಕಾಣದವರನ್ನು ಕೂಡ ಎಷ್ಟೋ ಸಲ ಹೀಗೇ ಆಡಿಸುತ್ತೇವೆ. ಅವರನ್ನು ಲೆಕ್ಕಕ್ಕೂ ಸೇರಿಸೋದು ಹೇಗೆ? ಒಂದು ವಿಡಿಯೋ ಗೇಮ್‌ನವರು ಕಂಡುಕೊಂಡ ಉಪಾಯವನ್ನು ಇಲ್ಲಿ ವಿವರಿಸುತ್ತೇನೆ.

ಆ ಗೇಮ್ ಹೆಸರು ಸ್ಟ್ರೀಟ್ ಫೈಟರ್. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ಇದನ್ನು ಮೊದಲು ತಂದಿತು. ಇದು ಇಬ್ಬರ ಕಾಳಗ. ಪರದೆಯ ಮೇಲೆ ಒಬ್ಬೊಬ್ಬರಿಗೆ ಒಬ್ಬ ಜಟ್ಟಿ ಇರುತ್ತಾನೆ. ಎದುರಾಳಿಯ ಶಕ್ತಿಯನ್ನು ಪೂರ್ತಿ ಇಳಿಸಿದವರು ಗೆದ್ದಂತೆ.

ಸಾದಾ ಏಟಿಗೆ ಮೂರು ಗುದ್ದಿನ ಬಟನ್, ಮೂರು ಒದೆತದ ಬಟನ್, ಒಟ್ಟು ಆರು ಇವೆ. ವಿಶೇಷ ಪೆಟ್ಟುಗಳು ಇನ್ನೂ ಕಷ್ಟ. ರಿಯು ಎಂಬ ಜಟ್ಟಿ ಅಂಗೈಯಿಂದ ಶಕ್ತಿಯ ಉಂಡೆ ಎಸೆಯಬೇಕಾದರೆ ನಾವು ಕೋಲನ್ನು ಕೆಳಗೆ, ಮುಂದಿನ ಮೂಲೆಗೆ, ಮುಂದಕ್ಕೆ ಸರ್ರನೆ ತಿರುಗಿಸಿ ಕೂಡಲೇ ಗುದ್ದಿನ ಬಟನ್ ಒತ್ತಬೇಕು. ಬೆರಳು ಓಡದವರಿಗೆ ಏನು ಮಾಡಬೇಕೆಂದು ಗೊತ್ತಿದ್ದರೂ ಮಾಡೋಕಾಗಲ್ಲ.

2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6ರಲ್ಲಿ ಆಡಲು ಮೂರು ವಿಧಾನ ಇಟ್ಟರು. ಕ್ಲಾಸಿಕ್ ಅಂದ್ರೆ ಹಳೆಯ ಪದ್ಧತಿ. ಡೈನಾಮಿಕ್‌ನಲ್ಲಿ ಬಟನ್ ಒತ್ತಿದರೆ ಸಾಕು, ಯಾವ ಏಟು ಎಂದು ಯಂತ್ರವೇ ಆರಿಸುತ್ತದೆ. ಆದರೆ ಇದನ್ನು ಇಟ್ಟುಕೊಂಡು ಆನ್‌ಲೈನ್ ಪಂದ್ಯ ಆಡುವಂತಿಲ್ಲ. ಇದು ನಮ್ಮ ‘ಲೆಕ್ಕಕ್ಕಿಲ್ಲ’ದ ಥರ.

ಮೂರನೆಯದು ಮಾಡರ್ನ್. ಇದರಲ್ಲಿ ಒಂದೇ ಬಟನ್ ಒತ್ತಿದರೆ ಉಂಡೆ ಹಾರುತ್ತದೆ. ಇದು ಆನ್‌ಲೈನ್ ಪಂದ್ಯದಲ್ಲೂ ನಡೆಯುತ್ತದೆ.

‘ಹಾಗಾದ್ರೆ ಇದು ಮೋಸ ಅಲ್ವಾ?’ ಎಂದು ನೀವು ಕೇಳಬಹುದು. ಅದಕ್ಕೇ ಒಂದು ಬೆಲೆ ಇಟ್ಟಿದ್ದಾರೆ. ಸುಲಭ ಬಟನ್‌ನಿಂದ ಹೊಡೆದ ವಿಶೇಷ ಪೆಟ್ಟಿಗೆ ಶೇಕಡಾ 20 ಬಲ ಕಡಿಮೆ. ಕ್ಲಾಸಿಕ್‌ನವರ ಪೆಟ್ಟು 100 ಇದ್ದರೆ ಇವರದು 80. ಸಾದಾ ಏಟಿಗೂ ಆರರ ಬದಲು ಮೂರೇ ಬಟನ್, ಹೀಗಾಗಿ ಕೆಲವು ಏಟು ಸಿಗುವುದೇ ಇಲ್ಲ. ಆದರೆ ಮಾಡರ್ನ್‌ನಲ್ಲೇ ಕೋಲು ತಿರುಗಿಸಿ ಹೊಡೆದರೆ ಪೂರ್ತಿ 100 ಸಿಗುತ್ತದೆ. ಅಂದ್ರೆ ಕಲಿತ ವಿದ್ಯೆಗೂ ಬೆಲೆ ಉಳಿಯಿತು.

ಇದರಿಂದ ಕಾಳಗದ ರೀತಿಯೂ ಬದಲಾಗುತ್ತದೆ. ಎದುರಾಳಿ ಮೇಲಿಂದ ಜಿಗಿದು ಬಂದ ಅಂತಿಟ್ಟುಕೊಳ್ಳಿ. ಮಾಡರ್ನ್‌ನವರು ಕೋಲನ್ನು ಮುಂದಕ್ಕೆ ಒತ್ತಿ ಒಂದು ಬಟನ್ ಅದುಮಿದರೆ ಮೇಲ್ಗುದ್ದು ಸಿದ್ಧ. ಆದ್ದರಿಂದ ಇವರ ಎದುರು ಸುಮ್ಮನೆ ಜಿಗಿಯಲು ಹೆದರಿಕೆ. ಜಾಣ ಎದುರಾಳಿ ನೆಲದ ಮೇಲೇ ಹತ್ತಿರ ಬಂದು, ಇವರು ಅವಸರದಿಂದ ಗುದ್ದುವಂತೆ ಆಸೆ ತೋರಿಸುತ್ತಾನೆ. ಮೇಲ್ಗುದ್ದು ತಪ್ಪಿತೋ, ಇವರು ಕೆಳಗಿಳಿಯುವಾಗ ಸರಿಯಾಗಿ ತಿನ್ನುತ್ತಾರೆ. ಬಟನ್ ಸುಲಭ, ಒತ್ತುವ ಹೊತ್ತು ತಿಳಿಯೋದು ಸುಲಭ ಅಲ್ಲ.

ಕಣ್ಣು ಕಾಣದವರಿಗೆ ಇದೇ ಗೇಮ್‌ನಲ್ಲಿ ಶಬ್ದಗಳ ಏರ್ಪಾಡಿದೆ. ಎದುರಾಳಿ ಎಷ್ಟು ದೂರ ಇದ್ದಾನೆ, ಏಟು ಮೇಲೆ ಬಿತ್ತೋ ಕಾಲಿಗೆ ಬಿತ್ತೋ, ಅವನು ನಮ್ಮನ್ನು ದಾಟಿ ಆಚೆ ಬದಿಗೆ ಹೋದನೋ, ಎಲ್ಲಕ್ಕೂ ಬೇರೆ ಬೇರೆ ಸದ್ದು. ಇಲ್ಲಿ ಬಲವನ್ನೂ ಕೊಟ್ಟಿಲ್ಲ, ಅಂಕವನ್ನೂ ಕೊಟ್ಟಿಲ್ಲ. ನಮಗೆ ಕಣ್ಣಿಗೆ ಕಾಣುವ ಸುದ್ದಿಯೇ ಅವರಿಗೆ ಕಿವಿಗೆ ಸಿಗುತ್ತದೆ. ನೆದರ್ಲೆಂಡ್ಸ್ ದೇಶದ ಸ್ವೆನ್ ಎಂಬ ಅಂಧ ಆಟಗಾರರು 2023ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ವೇಗಾಸ್‌ನ ಇವೋ ಪಂದ್ಯಾವಳಿಯಲ್ಲಿ ಇದನ್ನು ಆಡಿದರು. ಆ ವರ್ಷ ಈ ಗೇಮ್‌ಗೆ 7000ಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು. ಸ್ವೆನ್ ಅವರು ಬೇರೆ ಗುಂಪಿನಲ್ಲಿ ಆಡಲಿಲ್ಲ, ಕಣ್ಣಿರುವವರ ಜೊತೆಗೇ ಆಡಿದರು.

ರಿಯಾಯಿತಿ ಕೊಟ್ಟರೆ ಆಟ ಕೆಡುತ್ತೆ ಅಂತ ನಮ್ಮಲ್ಲಿ ಕೆಲವರು ಹೇಳ್ತಾರೆ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಆಟದಲ್ಲಿ ಪರೀಕ್ಷೆ ಆಗಬೇಕಾದ್ದು ಯಾವುದು? ಈ ಕಾಳಗದಲ್ಲಿ ಅದು ಎದುರಾಳಿಯ ಮನಸ್ಸು ಓದುವ ಬುದ್ಧಿ. ಅದನ್ನು ಯಾರಿಗೂ ಪುಕ್ಕಟೆ ಕೊಟ್ಟಿಲ್ಲ. ಬಾಗಿಲಲ್ಲಿದ್ದ ಕಲ್ಲನ್ನು ಮಾತ್ರ ತೆಗೆದಿದ್ದಾರೆ.

ನಮ್ಮ ಕ್ರೀಡಾಕೂಟದಲ್ಲಿ ಓಡಲಾಗದವರನ್ನು ಅಂಕ ಬರೆಯೋಕೆ ಕೂರಿಸುತ್ತೇವೆ. ಈ ಸಲ ಅವರಿಗೂ ಆಡೋಕೆ ಯಾವ ನಿಯಮ ಮಾಡಬಹುದು ಅಂತ ಎಲ್ಲರೂ ಕೂತು ಯೋಚಿಸೋಣ. ಲೆಕ್ಕ ಬರೆಯುವವರೂ ಲೆಕ್ಕಕ್ಕೆ ಬರಲಿ ಎಂಬುದು ನನ್ನ ಆಸೆ.

– 7ನೇ ತರಗತಿ