ಜೀವಕೋಶದ ಕಿರುಚೀಲಗಳು: ಅಕ್ಕೂರಿನ ಹುಳುಮನೆಯಿಂದ ಲಸಿಕೆಯವರೆಗೆ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರುಗಳಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ (ಚರ್ಮ ಕಳಚುವ ನಿದ್ದೆಯಿಂದ) ಎದ್ದಿತೆಂದರೆ ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲನ್ನು ಈ ಐದನೇ ಹಂತದ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆಮೇಲೆ ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟೆ ಏರಿ ಗೂಡು ಕಟ್ಟುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರಿಂದ ಸುಮಾರು ಸಾವಿರ ಮೀಟರ್ ಎಳೆ ಬಿಚ್ಚಬಹುದು.

ಆ ಎಳೆಯ ಮುಖ್ಯ ಸರಕು ಫೈಬ್ರಾಯಿನ್ ಎಂಬ ಪ್ರೋಟೀನು. ಅದು ತಯಾರಾಗುವುದು ರೇಷ್ಮೆ ಗ್ರಂಥಿಯ ಹಿಂಭಾಗದ ಕೆಲವು ನೂರು ಜೀವಕೋಶಗಳಲ್ಲಿ. ಹುಳು ಮೊಟ್ಟೆಯೊಡೆದು ಬಂದ ಮೇಲೆ ಈ ಕೋಶಗಳ ಸಂಖ್ಯೆ ಹೆಚ್ಚುವುದಿಲ್ಲ, ಗಾತ್ರ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಪ್ರತಿ ಕೋಶವನ್ನೂ ಕೊಬ್ಬಿನ ಅಣುಗಳ ಎರಡು ಪದರದ ಪೊರೆಯೊಂದು ಸುತ್ತುವರಿದಿದೆ. ಫೈಬ್ರಾಯಿನ್‌ನಂಥ ದೊಡ್ಡ ಅಣು ಆ ಪೊರೆಯನ್ನು ತೂರಿ ಹೋಗಲಾರದು. ಪೊರೆ ಹರಿದರೆ ಕೋಶವೇ ಸಾಯುತ್ತದೆ. ಹಾಗಾದರೆ ರೇಷ್ಮೆ ಹೊರಗೆ ಬರುವುದು ಹೇಗೆ?

ಪೊರೆಯಿಂದಲೇ ಮಾಡಿದ ಕಿರುಚೀಲಗಳಲ್ಲಿ. ವಿಜ್ಞಾನಿಗಳು ಇವನ್ನು ವೆಸಿಕಲ್ ಎನ್ನುತ್ತಾರೆ. ಹೊಸದಾಗಿ ಹುಟ್ಟಿದ ಪ್ರೋಟೀನು ಮೊದಲು ಕೋಶದೊಳಗಿನ ಪೊರೆಜಾಲಕ್ಕೆ ಸೇರುತ್ತದೆ. ಅಲ್ಲಿ ಪೊರೆಯ ಹೊರಮೈಗೆ ಕೆಲವು ಪ್ರೋಟೀನುಗಳು ಕವಚದಂತೆ ಅಂಟಿ ಅದನ್ನು ಬಾಗಿಸುತ್ತವೆ. ಸೋಪಿನ ಗುಳ್ಳೆಯೊಂದರಿಂದ ಮರಿಗುಳ್ಳೆ ಬೇರ್ಪಡುವಂತೆ, ಬಾಗಿದ ಭಾಗ ಉಬ್ಬಿ, ಕತ್ತು ಕಿರಿದಾಗಿ, ಕಳಚಿಕೊಳ್ಳುತ್ತದೆ. ಸರಕು ಅದರೊಳಗೆ ಭದ್ರವಾಗಿರುತ್ತದೆ. ಈ ಚೀಲ ಗಾಲ್ಗಿ ಎಂಬ ಮತ್ತೊಂದು ಪೊರೆಯ ರಚನೆಗೆ ಹೋಗಿ ಕೂಡುತ್ತದೆ. ಅಲ್ಲಿ ಸಿದ್ಧವಾದ ಸರಕು ಹೊಸ ಚೀಲಗಳಲ್ಲಿ ತುಂಬಿ ಕೋಶದ ಅಂಚಿಗೆ ಸಾಗುತ್ತದೆ. ಚೀಲದ ಪೊರೆ ಕೋಶದ ಪೊರೆಯೊಂದಿಗೆ ಬೆರೆತು ಒಂದಾದಾಗ ಒಳಗಿದ್ದದ್ದು ಹೊರಗೆ ಸುರಿಯುತ್ತದೆ. ಎಲ್ಲಿಯೂ ಪೊರೆ ಹರಿಯುವುದಿಲ್ಲ. ಜಪಾನಿನ ಯುಟಾಕಾ ತಾಶಿರೊ ಮತ್ತು ಸಂಗಡಿಗರು 1960ರ ದಶಕದಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರೇಷ್ಮೆ ಗ್ರಂಥಿಯ ಈ ಕೆಲಸವನ್ನು ವಿವರವಾಗಿ ಅಭ್ಯಾಸ ಮಾಡಿದರು.

ರೇಷ್ಮೆಯಷ್ಟೇ ಅಲ್ಲ, ಈ ಸೀಮೆಯ ಮನೆಗಳಿಗೆ ದಿನವೂ ಆಸರೆಯಾದ ಹಾಲೂ ಇದೇ ದಾರಿಯಲ್ಲಿ ಬರುತ್ತದೆ. ಹಸುವಿನ ಕೆಚ್ಚಲಿನ ಕೋಶಗಳು ಕೇಸೀನ್ ಪ್ರೋಟೀನನ್ನು ಕಿರುಚೀಲಗಳಲ್ಲಿ ಹೊರಹಾಕುತ್ತವೆ. ಹಾಲಿನ ಕೊಬ್ಬಿನ ಕತೆ ಬೇರೆ: ಅದರ ಹನಿಗಳು ಹೊರಬರುವಾಗ ಕೋಶದ ಪೊರೆಯನ್ನೇ ಸುತ್ತಿಕೊಂಡು ಬರುತ್ತವೆ. ಮೊಸರು ಕಡೆಯುವಾಗ ಈ ಹೊದಿಕೆ ಹರಿದು, ಕೊಬ್ಬು ಒಟ್ಟುಗೂಡಿ ಬೆಣ್ಣೆಯಾಗುತ್ತದೆ.

ಚೀಲಗಳು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ತಲುಪುವ ಬಗೆಯನ್ನು ಬಿಡಿಸಿದ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್‌ಮನ್ ಮತ್ತು ಥಾಮಸ್ ಸುಡಾಫ್ ಅವರಿಗೆ 2013ರಲ್ಲಿ ನೊಬೆಲ್ ಸಂದಿತು. ಇದೇ ಕ್ಷೇತ್ರದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ (ಎನ್‌ಸಿಬಿಎಸ್) ದುಡಿದವರು ಕೆ.ಎಸ್. ಕೃಷ್ಣನ್. ಅವರು ಆರಿಸಿಕೊಂಡದ್ದು ಹಣ್ಣಿನ ನೊಣ. ಷಿಬಿರೆ ಎಂಬ ಬಗೆಯ ನೊಣವನ್ನು 30 ಡಿಗ್ರಿಯ ಆಸುಪಾಸಿನ ಬಿಸಿಗೆ ಒಡ್ಡಿದರೆ ಅದು ಕೈಕಾಲು ಸೋತು ಬೀಳುತ್ತದೆ. ತಂಪಾದರೆ ಕೆಲವೇ ನಿಮಿಷಗಳಲ್ಲಿ ಏಳುತ್ತದೆ. ಚೀಲದ ಕತ್ತನ್ನು ಕತ್ತರಿಸುವ ಡೈನಮಿನ್ ಎಂಬ ಪ್ರೋಟೀನು ಬಿಸಿಯಲ್ಲಿ ಕೆಲಸ ನಿಲ್ಲಿಸುವುದೇ ಇದಕ್ಕೆ ಕಾರಣ. ನರಕೋಶ ಸಂದೇಶ ಕಳಿಸುವುದೂ ಇಂಥ ಚೀಲಗಳ ಮೂಲಕವೇ; ಖಾಲಿಯಾದ ಚೀಲಗಳು ಮರಳಿ ತಯಾರಾಗದೆ ಅದು ಸಂದೇಶ ಕಳಿಸಲಾರದು. ಡೈನಮಿನ್‌ಗೆ ಬೇಕಾದ ಶಕ್ತಿಯನ್ನು ಒದಗಿಸುವ ಕಿಣ್ವ ಯಾವುದೆಂಬುದನ್ನು ಕೃಷ್ಣನ್ ತಂಡ 2001ರಲ್ಲಿ ತೋರಿಸಿಕೊಟ್ಟಿತು.

ಬ್ಯಾಕ್ಟೀರಿಯಾಗಳಲ್ಲಿ ಪೊರೆಜಾಲವಿಲ್ಲ, ಗಾಲ್ಗಿಯೂ ಇಲ್ಲ. ಆದರೂ ಅವು ಚೀಲ ಬಿಡುತ್ತವೆ. ಕಾಲರಾ ಬ್ಯಾಕ್ಟೀರಿಯಾದ ಹೊರಪೊರೆ ಉಬ್ಬಿ ಕಳಚಿಕೊಳ್ಳುವುದನ್ನು ಕೋಲ್ಕತ್ತದ ಎಸ್.ಎನ್. ಚಟರ್ಜಿ ಮತ್ತು ಜೆ. ದಾಸ್ 1967ರಲ್ಲೇ ವರದಿ ಮಾಡಿದ್ದರು. ಹೊರಪೊರೆಯನ್ನು ಒಳಗಿನ ಗೋಡೆಗೆ ಬಿಗಿದ ಕೊಂಡಿಗಳು ಸಡಿಲವಾದ ಕಡೆ, ಇಲ್ಲವೇ ಒಳಗೆ ಒತ್ತಡ ಹೆಚ್ಚಿದ ಕಡೆ ಪೊರೆ ಹೊರಕ್ಕೆ ಉಬ್ಬುತ್ತದೆ. ಬೇರ್ಪಟ್ಟ ಚೀಲದ ಅಡ್ಡಳತೆ ಸಾಮಾನ್ಯವಾಗಿ 20ರಿಂದ 250 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್.

ಇಷ್ಟು ಚಿಕ್ಕ ಚೀಲಕ್ಕೆ ಕೆಲಸಗಳು ಹಲವು. ಕೆಲವು ವಿಷವನ್ನು ಹೊತ್ತು ನಮ್ಮ ಕೋಶಗಳಿಗೆ ಮುಟ್ಟಿಸುತ್ತವೆ. ಕೆಲವು ಆ್ಯಂಟಿಬಯಾಟಿಕ್ ಔಷಧವನ್ನು ಒಡೆಯುವ ಕಿಣ್ವವನ್ನು ಒಯ್ದು ನೆರೆಯ ಬ್ಯಾಕ್ಟೀರಿಯಾಗಳನ್ನೂ ಕಾಯುತ್ತವೆ. ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಂದ ವೈರಸ್‌ಗಳು ಮೋಸಹೋಗಿ ಖಾಲಿ ಚೀಲಕ್ಕೆ ಅಂಟಿಕೊಳ್ಳುವುದೂ ಉಂಟು.

ರೋಗ ಹರಡುವ ಈ ಉಪಾಯವನ್ನೇ ಮನುಷ್ಯ ರಕ್ಷಣೆಗೆ ತಿರುಗಿಸಿಕೊಂಡ. ಮಿದುಳಿನ ಹೊದಿಕೆಗೆ ಉರಿಯೂತ ತರುವ ಮೆನಿಂಗೋಕಾಕಸ್‌ನ ಬಿ ಬಗೆಯ ಸಕ್ಕರೆ ಹೊದಿಕೆ ನಮ್ಮ ನರಕೋಶಗಳ ಸಕ್ಕರೆಯನ್ನೇ ಹೋಲುವುದರಿಂದ ಅದರಿಂದ ಮಾಡಿದ ಲಸಿಕೆ ಫಲಿಸುವುದಿಲ್ಲ. ಆದ್ದರಿಂದ ಅದರ ಹೊರಪೊರೆಯ ಚೀಲಗಳನ್ನೇ ಶುದ್ಧಗೊಳಿಸಿ ಲಸಿಕೆ ಮಾಡಲಾಯಿತು. ಚೀಲದ ಮೈಮೇಲೆ ಶತ್ರುವಿನ ಗುರುತುಗಳು ಇರುತ್ತವೆ, ಆದರೆ ಅದು ಬೆಳೆಯಲಾರದು. 1980ರ ದಶಕದಲ್ಲಿ ಕ್ಯೂಬಾ, 2004ರಲ್ಲಿ ನ್ಯೂಜಿಲೆಂಡ್ ಇಂಥ ಲಸಿಕೆ ಬಳಸಿದವು. ನ್ಯೂಜಿಲೆಂಡಿನಲ್ಲಿ ಲಸಿಕೆ ಪಡೆದವರಲ್ಲಿ ಗೊನೋರಿಯಾ ರೋಗವೂ ಸುಮಾರು ಮೂರನೇ ಒಂದು ಪಾಲು ಕಡಿಮೆ ಎಂಬುದು 2017ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ಹುಳು ಸಾಕುವವರಿಗೆ ಈ ವಿಜ್ಞಾನ ದೂರದ್ದಲ್ಲ. ಹಾಲುತೊಂಡೆ ರೋಗದ ವೈರಸ್ ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರಿ, ಅಲ್ಲಿಂದ ಕೋಶಕೋಶಕ್ಕೆ ಹಬ್ಬುವಾಗ ಕೋಶದ ಪೊರೆಯನ್ನೇ ಹೊದ್ದು ಹೊರಬೀಳುತ್ತದೆ. ಮುಂದಿನ ಕೋಶ ಅದನ್ನು ಪೊರೆ ಮಡಚಿ ತಾನೇ ಒಳಗೆಳೆದುಕೊಳ್ಳುತ್ತದೆ. ಒಮ್ಮೆ ಹುಳುವಿನ ಮೈ ಊದಿ ಹಾಲಿನಂಥ ದ್ರವ ಒಸರಿದರೆ ಬದುಕಿಸುವ ಔಷಧವಿಲ್ಲ. ಹಾಗಾಗಿ ರೋಗದ ಹುಳು ಆಯ್ದು ಹಾಕುವುದು, ಬೆಳೆ ಮುಗಿದೊಡನೆ ಹುಳುಮನೆ ಹಾಗೂ ತಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ದ್ರಾವಣದಿಂದ ತೊಳೆಯುವುದು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ‘ವಿಜೇತ’ ಪುಡಿಯನ್ನು ಹುಳುಗಳ ಹಾಸಿಗೆಗೆ ಉದುರಿಸುವುದು: ವೈರಸ್ ಮೊದಲ ಕೋಶವನ್ನು ಮುಟ್ಟದಂತೆ ತಡೆಯಲು ರೈತರ ಕೈಯಲ್ಲಿರುವ ಸಾಧನಗಳು ಇವು.